ಒಂಬತ್ತು ಕಲ್ಲಿನ ಸಮುದ್ರ

ಕ್ಷಮಿಸಿಬಿಟ್ಟೆ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅವರಲ್ಲಿ ಅರ್ಧ ಜನಕ್ಕೆ ಸೇಡು ತೀರಿಸಿಕೊಳ್ಳುವ ದಾರಿ ಸಿಕ್ಕಿರುವುದಿಲ್ಲ, ಉಳಿದರ್ಧ ಜನಕ್ಕೆ ಧೈರ್ಯ ಸಾಲುವುದಿಲ್ಲ. ನನಗೆ ಎರಡೂ ಒದಗಿ ಬಂದವು. ನನ್ನ ಒಂಬತ್ತು ಚಿತ್ರಗಳ ಮೇಲೆ ತನ್ನ ಹೆಸರು ಬರೆದುಕೊಂಡ ಮನುಷ್ಯನ ಮೇಲೆ ನಾನು ಸೇಡು ತೀರಿಸಿಕೊಂಡೆ. ಇದನ್ನು ಓದಿ ಅವನ ಹೊಟ್ಟೆ ಉರಿದರೆ ಉರಿಯಲಿ. ಬರೆಯಲು ಕೂತಿರುವುದೇ ಅದಕ್ಕೆ.

ನಮ್ಮ ಮನೆ ಶಹಾಬಾದಿನಲ್ಲಿ. ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಬೆಳಿಗ್ಗೆ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಇಳಿದು ಇನ್ನೊಂದು ರೈಲಿಗೆ ಕಾದು, ಚಿತ್ತಾಪುರ ತಲುಪುವಷ್ಟರಲ್ಲಿ ನನ್ನ ಕರಿಯ ಬ್ಯಾಗು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ವಾಡಿಯ ಸಿಮೆಂಟ್ ಪುಡಿ ಯಾರನ್ನೂ ಬಿಡುವುದಿಲ್ಲ. ಹೊರಗಿನವರು ಅದನ್ನು ನೋಡಿ ಅಯ್ಯೋ ಅನ್ನುತ್ತಾರೆ, ನಾವೂ ಕೆಮ್ಮುತ್ತೇವೆ. ಆದರೆ ಚಿತ್ರ ಬರೆಯುವವಳ ಕಣ್ಣಿಗೆ ಆ ಪುಡಿ ಬೇರೊಂದು ಕೆಲಸವನ್ನೂ ಮಾಡುತ್ತದೆ. ಬೇವಿನ ಎಲೆಯ ಮೇಲೆ, ತಂತಿಯ ಮೇಲೆ, ನಿಂತ ಗೂಡ್ಸ್ ಗಾಡಿಯ ಮೇಲೆ ಕೂತು ಎಲ್ಲದರ ಬಣ್ಣವನ್ನೂ ಒಂದು ಮಟ್ಟ ತಗ್ಗಿಸುತ್ತದೆ. ಆಮೇಲೆ ಒಬ್ಬಳು ಕೆಂಪು ಸೀರೆಯವಳು ಪ್ಲಾಟ್‌ಫಾರಮ್ಮಿಗೆ ಬಂದರೆ ಸಾಕು, ಇಡೀ ಸ್ಟೇಷನ್ ಅವಳ ಸುತ್ತ ಕೂತುಕೊಳ್ಳುತ್ತದೆ.

ಶಹಾಬಾದಿನ ಬೆಳಕು ಇನ್ನೂ ವಿಚಿತ್ರ. ಬೇರೆ ಊರುಗಳಲ್ಲಿ ಬೆಳಕು ಮೇಲಿಂದ ಬೀಳುತ್ತದೆ. ನಮ್ಮಲ್ಲಿ ಅದು ಕೆಳಗಿನಿಂದಲೂ ಬರುತ್ತದೆ. ನೆಲಕ್ಕೆ ಹಾಸುವ ಚಪ್ಪಡಿಗೆ ನಾವು ಪರಸಿ ಅನ್ನುತ್ತೇವೆ. ನೆಲ ಪರಸಿ, ಅಂಗಳ ಪರಸಿ, ಕಂಪೌಂಡು ಪರಸಿ, ಕಲ್ಲು ತೆಗೆಯುವ ಖಣಿಯ ಗೋಡೆಯೂ ಪರಸಿ. ಏಪ್ರಿಲ್ ಮಧ್ಯಾಹ್ನ ಖಣಿಯಲ್ಲಿ ನಿಂತ ಮನುಷ್ಯನ ಗದ್ದದ ಕೆಳಗೆ ನೆರಳೇ ಇರುವುದಿಲ್ಲ. ಮುಖ ಬರೆಯುವುದನ್ನು ಪುಸ್ತಕ ನೋಡಿ ಕಲಿತ ನಾನು ಅಪ್ಪನ ಮುಖ ಬರೆಯಲು ಹೋಗಿ ಎಷ್ಟೋ ಸಲ ಸೋತದ್ದು ಇದರಿಂದಲೇ.

ಅಪ್ಪ ನಲವತ್ತು ವರ್ಷ ಖಣಿಯಲ್ಲಿ ಪರಸಿಯ ಅಂಚು ಕೆತ್ತಿದವನು. ಎಡಗೈಯವನು. ಉಳಿಯನ್ನು ಬಲಗೈಯಲ್ಲಿ, ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ. ಉಳಿದವರ ಏಟುಗಳೆಲ್ಲ ಅಂಚಿನ ಮೇಲೆ ಒಂದು ಕಡೆ ವಾಲಿದರೆ ಅಪ್ಪನವು ಮಾತ್ರ ಇನ್ನೊಂದು ಕಡೆ ವಾಲುತ್ತಿದ್ದವು. ಖಣಿಯವರು ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಲಾರಿಗೆ ಪರಸಿ ಪೇರಿಸುವಾಗ ಅವನ ಕಲ್ಲುಗಳು ದೂರದಿಂದಲೇ ಗೊತ್ತಾಗುತ್ತಿದ್ದವಂತೆ. ಆಮೇಲೆ ಮಶೀನು ಬಂತು, ಖಣಿಯ ತಳದಲ್ಲಿ ನೀರು ಬಂತು, ಆ ಖಣಿಯನ್ನು ಬಿಟ್ಟರು. ಈಗ ಅಲ್ಲಿ ಎರಡಾಳು ಆಳದ ಹಸಿರು ನೀರು ನಿಂತಿದೆ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಕಲ್ಲು.

ಆ ಖಣಿಯ ಒಂದು ಪದರದಲ್ಲಿ ಮೈಮೇಲೆ ಸಣ್ಣ ಸಣ್ಣ ಅಲೆ ಬಿದ್ದ ಕಲ್ಲು ಸಿಗುತ್ತಿತ್ತು. ನೀರು ಹರಿದು ಹೋದ ಮೇಲೆ ಕೆಸರಿನ ಮೇಲೆ ಉಳಿಯುವ ಗೆರೆಗಳ ಹಾಗೆ. ಅದನ್ನು ನೆಲಕ್ಕೆ ಹಾಸಿದರೆ ಮಂಚ ಅಲ್ಲಾಡುತ್ತದೆ, ಕೊಡ ವಾಲುತ್ತದೆ. ಹಾಗಾಗಿ ಯಾರೂ ಕೊಳ್ಳುತ್ತಿರಲಿಲ್ಲ, ಬದಿಗೆ ಎಸೆಯುತ್ತಿದ್ದರು. ನಾನು ಚಿತ್ರ ಬರೆಯಲು ಆರಿಸಿಕೊಂಡದ್ದು ಆ ಎಸೆದ ಕಲ್ಲನ್ನೇ. ಅಪ್ಪ ಒಂಬತ್ತು ತೆಳು ತುಂಡು ಆಯ್ದು, ಒಂದು ಗೇಣು ಅಗಲಕ್ಕೆ ಅಂಚು ಕೆತ್ತಿ ಕೊಟ್ಟ. ಕೆಲಸ ಬಿಟ್ಟು ಆರು ವರ್ಷವಾಗಿತ್ತು, ಆದರೂ ಅಂಚು ನೇರವಾಗಿತ್ತು.

ಬಣ್ಣವನ್ನೂ ಅಂಗಡಿಯಿಂದ ತಂದವಳಲ್ಲ ನಾನು. ಪಾಲಿಶ್ ಫ್ಯಾಕ್ಟರಿಯ ಹಿಂದೆ ಮಶೀನಿನಿಂದ ಹರಿದು ಬರುವ ರಾಡಿ ನಿಲ್ಲುತ್ತದೆ. ಒಂದು ಕಡೆ ಬೂದು, ಒಂದು ಕಡೆ ನೀಲಿ ಛಾಯೆಯದು, ಅಪರೂಪಕ್ಕೆ ಗುಲಾಬಿ. ಅದನ್ನು ಡಬ್ಬದಲ್ಲಿ ತಂದು, ತಿಳಿಗಟ್ಟಿಸಿ, ಒಣಗಿಸಿ, ಹಳೆ ಧೋತರದಲ್ಲಿ ಸೋಸಿ, ಜಾಲಿಯ ಅಂಟು ನೆನೆಹಾಕಿದ ನೀರಿನಲ್ಲಿ ಕಲಸುತ್ತಿದ್ದೆ. ಹಸಿರಿಗೆ, ನೀಲಿಗೆ ಮಾತ್ರ ಚಿಟಿಕೆ ಪುಡಿ ಬಣ್ಣ. ತೆಳ್ಳಗೆ ಹಚ್ಚಿದರೆ ಕಲ್ಲು ಅದನ್ನು ಕುಡಿದುಬಿಡುತ್ತದೆ. ಬರೆದದ್ದು ಖಣಿಯ ನೀರನ್ನೇ: ಬೆಳಗಿನ ಹಸಿರು, ಮಧ್ಯಾಹ್ನದ ಬಿಳುಪು, ಮೋಡ ಕವಿದಾಗಿನ ಸೀಸದ ಬಣ್ಣ. ಒಂಬತ್ತು ಕಲ್ಲಿಗೆ ಎರಡು ವರ್ಷ ಹಿಡಿಯಿತು. ನನ್ನ ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಇನ್ನು ಅವನ ವಿಷಯ. ಚಿಂಚೋಳಿಯ ಗುಡ್ಡಗಾಡಿನಲ್ಲಿ ಐದು ದಿನದ ಒಂದು ಚಿತ್ರಕಲಾ ಶಿಬಿರ ನಡೆದಿತ್ತು. ಕರಾವಳಿಯಿಂದ ಬಂದ ಹೆಸರುವಾಸಿ ಕಲಾವಿದ ಅದಕ್ಕೆ ಮಾರ್ಗದರ್ಶಕ. ಮೂವತ್ತು ವರ್ಷ ಸಮುದ್ರವನ್ನೇ ಬರೆದವನು. ಬಿಳಿ ಗಡ್ಡ, ಬಿಳಿ ಜುಬ್ಬಾ, ಮಾತು ಮಾತ್ರ ಬಣ್ಣಬಣ್ಣದ್ದು. ನಾವೆಲ್ಲ ಅವನನ್ನು ಸರ್, ಸರ್ ಎಂದು ತಲೆಯ ಮೇಲೆ ಹೊತ್ತುಕೊಂಡು ತಿರುಗಿದೆವು. ಎಲ್ಲರೂ ಗಿಡಮರ ಬರೆಯುತ್ತಿದ್ದಾಗ ನಾನು ಕಾಗದದ ಮೇಲೆ ನೆನಪಿನಿಂದ ಖಣಿ ಬರೆಯುತ್ತಿದ್ದೆ. ಸರ್ ಹಿಂದೆ ಬಂದು ನಿಂತರು.

"ಈ ಸಮುದ್ರ ಎಲ್ಲಿಯದು?"

"ಸಮುದ್ರ ಅಲ್ಲ್ರೀ ಸರ್, ಖಣಿ. ನಾ ಸಮುದ್ರ ನೋಡೇ ಇಲ್ಲ್ರೀ."

"ನೋಡಿಲ್ಲವಾ? ಮಾರಾಯ್ತಿ, ನಾನು ದಿನಾ ನೋಡುವವನು. ನನಗೆ ಈ ಬೆಳಕು ಸಿಕ್ಕಲೇ ಇಲ್ಲವಲ್ಲ!"

ಆ ಮಾತಿಗೆ ನಾನು ಉಬ್ಬಿ ಹೋದೆ. ಇವತ್ತು ಆ ಉಬ್ಬಿದ ಮುಖ ನೆನಪಾದರೆ ನನಗೇ ಎರಡು ಬಾರಿಸಬೇಕು ಅನ್ನಿಸುತ್ತದೆ. ಶಿಬಿರ ಮುಗಿದ ದಿನ ಅವರು ಕಾರಿನಲ್ಲಿ ಶಹಾಬಾದಿಗೆ ಬಂದರು. ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದಳು. ಕಲ್ಲುಗಳನ್ನು ಗೋಡೆಗೆ ಒರಗಿಸಿ ತೋರಿಸಿದೆ. ಒಂದೊಂದನ್ನೂ ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದರು ಅವರು. ಆಮೇಲೆ, "ಇವನ್ನು ನಾನು ಕೊಂಡುಹೋಗಿ ನಮ್ಮ ಕಡೆಯವರಿಗೆ ತೋರಿಸುತ್ತೇನೆ. ನಿನಗೊಂದು ದಾರಿಯಾಗಲಿ" ಅಂದರು. ಅವ್ವ ತಾನು ಹೊಲಿದ ಎರಡು ಕೌದಿಗಳಲ್ಲಿ ಕಲ್ಲುಗಳನ್ನು ಸುತ್ತಿ ಕಾರಿನ ಡಿಕ್ಕಿಯಲ್ಲಿ ಇಟ್ಟಳು. ಫೋಟೊ ತೆಗೆದಿರಲಿಲ್ಲ. ಮನೆಯಲ್ಲೇ ಒರಗಿ ನಿಂತ ಕಲ್ಲಿನ ಫೋಟೊ ಯಾರು ತೆಗೆಯುತ್ತಾರೆ?

ಎಂಟು ತಿಂಗಳು ಕಾದೆ. ಫೋನು ಮಾಡಿದರೆ "ನೋಡೋಣ, ನೋಡೋಣ." ಅವ್ವನದು ಬೇರೆ ರಾಗ. "ಚಿತ್ರ ಬಿಡು, ನನ್ನ ಕೌದಿ ಯಾವಾಗ ಕೊಡ್ತಾನಂತ ಕೇಳು. ಹಳೇ ಇಳಕಲ್ ಸೀರಿ ಹರದು ಹೊಲದೀನಿ." ಒಂದು ದಿನ ಸೇಡಂನ ಗೆಳತಿ, ಶಿಬಿರದಲ್ಲಿ ನನ್ನ ಪಕ್ಕ ಕೂತು ಬರೆದವಳು, ಫೋನಿಗೆ ಒಂದು ಆಮಂತ್ರಣ ಕಳಿಸಿದಳು. 'ನಮ್ಮ ಸರ್ ಹೊಸ ಪ್ರದರ್ಶನ, ಎಷ್ಟು ಚಂದ ಅದ ನೋಡು' ಎಂದು ಅದರ ಕೆಳಗೆ ಬರೆದಿದ್ದಳು. ಪಾಪ, ಅವಳು ನನ್ನ ಕಲ್ಲುಗಳನ್ನು ನೋಡಿರಲಿಲ್ಲ. ಆಮಂತ್ರಣದ ಮೇಲೆ ಇದ್ದದ್ದು ನನ್ನ ನಾಲ್ಕನೇ ಕಲ್ಲು. ಬೆಳಗಿನ ಹಸಿರು. ಬಲಗಡೆಯ ಮೂಲೆಯಲ್ಲಿ ಅವನ ಸಹಿ. ಕೆಳಗೆ ಒಂದು ಸಾಲು: ಹಲವು ವರ್ಷ ತೀರದಲ್ಲಿ ಆಯ್ದ ಶಿಲೆಗಳ ಮೇಲೆ ಕಡಲ ಬೆಳಕು.

ಅವತ್ತಿನಿಂದ ಅವರು ಅವನಾದ.

ನಾನು ಅಳಲಿಲ್ಲ. ಮೈಯೆಲ್ಲ ಉರಿಯಿತು, ಊಟ ಸೇರಲಿಲ್ಲ, ತರಗತಿಯಲ್ಲಿ ಮಾವಿನಹಣ್ಣು ಬರೆಯಲು ಹೇಳಿ ಕಿಟಕಿ ನೋಡುತ್ತ ನಿಂತೆ. ರೈಲಿನಲ್ಲಿ ಕೂತು ಅವನ ಜೊತೆ ಜಗಳದ ಮಾತುಗಳನ್ನು ಹೊಂದಿಸುತ್ತಿದ್ದೆ. ವಾಡಿಯವರೆಗೆ ನಾನು ಬೈಯುವುದು, ವಾಡಿಯಿಂದ ಚಿತ್ತಾಪುರದವರೆಗೆ ಅವನು ಕೈಮುಗಿದು ತಪ್ಪಾಯಿತು ಎನ್ನುವುದು. ಒಂದು ದಿನ ಅವನನ್ನು ಮನಸ್ಸಿನಲ್ಲೇ ಖಣಿಯ ನೀರಿಗೆ ನೂಕಿದೆ. ಅವನಿಗೆ ಈಜು ಬರುತ್ತದೆ, ಕರಾವಳಿಯವನಲ್ಲವೇ, ಎಂದು ನೆನಪಾಗಿ ಮತ್ತಷ್ಟು ಸಿಟ್ಟು ಬಂತು. ಎದುರಿಗೆ ಕೂತ ಹೆಂಗಸು, "ಯಾಕವ್ವಾ, ಒಬ್ಬಾಕಿನೇ ಹಲ್ಲು ಕಡೀಲಿಕತ್ತೀ?" ಎಂದು ಕೇಳಿದಳು. ಫೋನು ಮಾಡಿ ಬೈಯಬಹುದಿತ್ತು. ಆದರೆ ನನ್ನ ಕೈಯಲ್ಲಿ ಪುರಾವೆ ಇರಲಿಲ್ಲ, ಅವನ ಕೈಯಲ್ಲಿ ಮೂವತ್ತು ವರ್ಷದ ಹೆಸರಿತ್ತು. ಬಾಯಿ ಮುಚ್ಚಿಕೊಂಡು ಕಾಯುವುದು ಎಂದು ತೀರ್ಮಾನಿಸಿದೆ.

ದಾರಿ ಮಳೆಗಾಲದಲ್ಲಿ ತೆರೆಯಿತು, ಅದನ್ನು ತೆರೆದವನೂ ಅವನೇ.

ನಮ್ಮ ಕಡೆ ಪ್ರತಿ ಮನೆಗೂ ಗೊತ್ತಿರುವ ಒಂದು ಸಂಗತಿಯಿದೆ. ಪರಸಿ ಬೆವರುತ್ತದೆ. ಜೂನಿನ ಮಿರಗ ಮಳೆ ಬರುವ ಮೊದಲೇ ನೆಲ ತೇವವಾಗುತ್ತದೆ. ಅವ್ವ ಹಾಸಿಗೆಯನ್ನು ಮಂಚಕ್ಕೆ ಏರಿಸುತ್ತಾಳೆ, ಉಪ್ಪಿನ ಡಬ್ಬಿಯನ್ನು ಹಲಗೆಯ ಮೇಲೆ ಇಡುತ್ತಾಳೆ. ಬೆವರುವ ಕಲ್ಲಿನ ಬಾಯಿ ಮುಚ್ಚಬಾರದು. ನಮ್ಮ ಓಣಿಯಲ್ಲಿ ಒಬ್ಬರು ಶೋಕಿಗೆ ಪರಸಿಗೋಡೆಗೆ ಆಯಿಲ್ ಪೇಂಟ್ ಹೊಡೆಸಿ, ಮೊದಲ ಮಳೆಗೇ ಗೋಡೆಯೆಲ್ಲ ಬೊಬ್ಬೆ ಎದ್ದು, ಇಡೀ ಓಣಿ ನಗುವ ಹಾಗಾಗಿತ್ತು. ಅದಕ್ಕೇ ನಾನು ನೀರಿನಲ್ಲಿ ಕಲಸಿದ ಪುಡಿ ಮತ್ತು ಜಾಲಿ ಅಂಟನ್ನು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವನು ಮಾಡಿದ್ದೇನು? ಒದ್ದೆ ತೀರದ ಹೊಳಪು ಬರಲಿ ಎಂದು ಒಂಬತ್ತಕ್ಕೂ ದಪ್ಪಗೆ ವಾರ್ನಿಷ್ ಬಳಿದ. ಬಳಿದು, ಕಡಲ ಪಕ್ಕದ ಒಂದು ಹಳೆ ಮನೆಯ ತಂಪು ಗೋಡೆಗೆ ತೂಗುಹಾಕಿದ. ಜೂನ್ ಕಳೆಯುವುದರೊಳಗೆ ಕಲ್ಲು ಹಿಂದಿನಿಂದ ನೀರು ಕುಡಿದು ಮುಂದಿನಿಂದ ಬೆವರಲು ನೋಡಿದೆ, ವಾರ್ನಿಷ್ ದಾರಿ ಕೊಟ್ಟಿಲ್ಲ. ಬೊಬ್ಬೆ ಎದ್ದಿವೆ.

ಫೋನು ಬಂತು. ಜೇನಿನಂಥ ದನಿ.

"ಹೇಗಿದ್ದಿ? ಒಂದು ಸಣ್ಣ ತೊಂದರೆ. ಕಲ್ಲಿಗೆ ವಾರ್ನಿಷ್ ಹಾಕಿದ್ದೆ, ಈಗ ಬಣ್ಣ ಏಳುತ್ತಾ ಇದೆ. ಏನು ಮಾಡುವುದು, ಹೇಳು. ನಮ್ಮಿಬ್ಬರೊಳಗೇ ಇರಲಿ."

"ಫೋನಿನ್ಯಾಗ ಹೆಂಗ ಹೇಳ್ಲಿ ಸರ್? ಬಂದು ನೋಡ್ತೀನ್ರಿ."

"ಬಾ, ಬಾ. ಕೇಳಿದವರಿಗೆ ನನ್ನ ಸಹಾಯಕಿ ಅಂತ ಹೇಳುತ್ತೇನೆ. ಬೇಜಾರಿಲ್ಲ ತಾನೇ?"

"ಬ್ಯಾಸರ ಎದಕ್ರೀ ಸರ್" ಅಂದೆ. ಫೋನಿಟ್ಟು ಅಪ್ಪನಿಗೆ ಹೇಳಿದೆ, "ಅಪ್ಪಾ, ಸಮುದ್ರ ನೋಡ್ತೀಯೇನು? ನಡಿ."

ಅಪ್ಪನನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದೆ ಎಂದರೆ ಸುಳ್ಳು. ಆಯುಧವಾಗಿ ಕರೆದುಕೊಂಡು ಹೋದೆ. ಎಡಗೈಯ ಏಟು ಬೇರೆ ಯಾರದೂ ಅಲ್ಲ ಎಂದು ಹತ್ತು ಜನರ ಮುಂದೆ ಹೇಳಬಲ್ಲವನು ಅವನೊಬ್ಬನೇ. ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಎರಡು ಸಲ ನೆನಪಿಸಿದಳು, "ಕೌದಿ ಮರೀಬ್ಯಾಡ್ರಿ." ನನ್ನ ಬ್ಯಾಗಿನಲ್ಲಿ ವಾರ್ನಿಷ್ ಕೀಳಲು ಒಂದು ಕಬ್ಬಿಣದ ಪಟ್ಟಿ ಇತ್ತು, ಗೋಡೆಗೆ ಪುಟ್ಟಿ ಹಚ್ಚುವಂಥದ್ದು.

ತಲುಪಿದ್ದು ಒಂದು ಭಾನುವಾರ ಬೆಳಿಗ್ಗೆ. ಮಳೆ ಸ್ವಲ್ಪ ಬಿಟ್ಟಿತ್ತು. ಆ ಮನೆಯ ಹಿತ್ತಲಿನಿಂದಲೇ ಮರಳಿಗೆ ಇಳಿಯುವ ದಾರಿ. ನೀರು ಹಿಂದೆ ಸರಿದಿತ್ತು. ನನಗೂ ಮೊದಲ ಸಮುದ್ರ ಅದು, ಆದರೆ ನಾನು ಸರಿಯಾಗಿ ನೋಡಲಿಲ್ಲ. ತಲೆಯಲ್ಲಿ ಮಾತುಗಳು ಕುದಿಯುತ್ತಿದ್ದವು. ಅಪ್ಪ ಚಪ್ಪಲಿ ಬಿಟ್ಟು ಒದ್ದೆ ಮರಳಿಗೆ ಇಳಿದ. ಅಲೆಯ ಕಡೆ ನೋಡಲೇ ಇಲ್ಲ. ಬಗ್ಗಿ ಕಾಲ ಕೆಳಗಿನ ಮರಳನ್ನೇ ನೋಡುತ್ತ ನಿಂತ. ಆಮೇಲೆ ಕೂತುಕೊಂಡು ಅಂಗೈಯಿಂದ ಸವರಿದ.

"ಯವ್ವಾ, ಇಲ್ಲಿ ಬಾ. ಇದು ನಮ್ಮ ಕಲ್ಲೇ ಅದ ನೋಡು. ಅಲಿ ಬಿದ್ದ ಕಲ್ಲು. ಹಂಗೇ ಅದ, ಇನ್ನಾ ಮೆತ್ತಗದ."

ಮರಳಿನ ಮೇಲೆ ನೀರು ಬಿಟ್ಟುಹೋದ ಗೆರೆಗಳು ನಮ್ಮ ಖಣಿಯಲ್ಲಿ ಎಸೆದ ಕಲ್ಲಿನ ಮೈಯಂತೆಯೇ ಇದ್ದವು. ಅದೇ ಅಗಲ, ಅದೇ ಬಾಗು. ನಮ್ಮೂರು ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದು ನಾನು ಶಾಲೆಯ ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿದ್ದೆ. ಅಪ್ಪ ಯಾವ ಪುಸ್ತಕವನ್ನೂ ಓದದೆ ಕೈಯಲ್ಲಿ ಮುಟ್ಟಿ ತಿಳಿದುಕೊಂಡ. ಆಮೇಲೆ ತಲೆಯೆತ್ತಿ ಸಮುದ್ರ ನೋಡಿದ. "ಎಷ್ಟು ದೊಡ್ಡ ಖಣಿ!" ಅಂದ. ನಾನು, "ನಡಿ ಅಪ್ಪಾ, ಕೆಲಸ ಅದ" ಎಂದು ಅವನನ್ನು ಎಬ್ಬಿಸಿದೆ.

ಮನೆಯೊಡತಿ ಅರವತ್ತು ದಾಟಿದ ಹೆಂಗಸು, ತನ್ನ ಮುಂಭಾಗದ ಕೋಣೆಗಳನ್ನು ಚಿತ್ರ ತೂಗುಹಾಕಲು ಬಿಟ್ಟುಕೊಟ್ಟವರು. ಅವತ್ತು ಏಳೆಂಟು ಜನ ಚಿತ್ರಕಾರರೂ ಅಲ್ಲಿದ್ದರು. ಭಾನುವಾರ ಭಾನುವಾರ ತೀರದಲ್ಲಿ ಕೂತು ಜಲವರ್ಣದಲ್ಲಿ ಸಮುದ್ರ ಬರೆಯುವ ಗುಂಪು. ಆಗಷ್ಟೇ ನಿಂತ ಮಳೆಗೆ ಸಿಕ್ಕಿ ಒದ್ದೆ ಕಾಗದ ಹಿಡಿದು ಒಳಗೆ ಬಂದಿದ್ದರು. ಮಳೆಗಾಲದ ನೀರಿಗೆ ಬೂದು ಹಾಕಬೇಕೋ ಕಂದು ಹಾಕಬೇಕೋ ಎಂದು ಗಂಭೀರವಾಗಿ ವಾದ ಮಾಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ಅವರ ನಡುವೆ ಹೋಗಿ ಕೂತಿರುತ್ತಿದ್ದೆ. ಆಗ ಮಾತ್ರ ನನಗೆ ಅವರು ಸಾಕ್ಷಿಗಳಾಗಿ ಕಂಡರು, ಎಷ್ಟು ಜನ ಇದ್ದರೆ ಅಷ್ಟು ಒಳ್ಳೆಯದು ಅನ್ನಿಸಿತು.

ಅವನು ನಗುತ್ತ ಎದುರು ಬಂದ. "ನನ್ನ ಸಹಾಯಕಿ. ಇವರು ಅವಳ ತಂದೆ." ಅಪ್ಪ ಕೈಮುಗಿದ.

ಗೋಡೆಯ ಮೇಲೆ ನನ್ನ ಒಂಬತ್ತು. ಮಧ್ಯಾಹ್ನದ ಬಿಳುಪಿನ ಮೇಲೆ ಬೊಬ್ಬೆ, ಸೀಸದ ಬಣ್ಣದ ಒಂದು ಮೂಲೆ ಚಕ್ಕೆಯಾಗಿ ಬಾಗಿತ್ತು. ಆದರೂ ಮುಕ್ಕಾಲು ಪಾಲು ಗಟ್ಟಿಯಾಗಿಯೇ ಇತ್ತು. ಕೆಳಗೆ ಬೆತ್ತದ ಕುರ್ಚಿಗಳ ಮೇಲೆ ಅವ್ವನ ಎರಡೂ ಕೌದಿ ಚಂದಕ್ಕೆ ಹಾಸಿದ್ದವು.

ನಾನು ಮಾತು ತೆಗೆಯುವ ಮೊದಲೇ ಅಪ್ಪ ಒಂದು ಕಲ್ಲನ್ನು ಮೊಳೆಯಿಂದ ಇಳಿಸಿ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದ, ಒಂದೊಂದು ಕಲ್ಲಿನ ದನಿ ಒಂದೊಂದು ಎನ್ನುವವನು ಅವನು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ನಮ್ಮ ಖಣೀದು. ಈ ಪದರದ ಕೆಳಗ ನೀರು ಬಂತು. ಈ ಏಟು ನಂದು."

ಮನೆಯೊಡತಿ ಹತ್ತಿರ ಬಂದರು. "ಇದು ಇಲ್ಲಿನ ತೀರದ ಕಲ್ಲಲ್ಲವಾ?"

"ಅಲ್ಲವ್ವಾ. ಶಹಾಬಾದ್ ಪರಸಿ. ನೋಡ್ರಿ, ಎಲ್ಲಾರ ಏಟು ಹಿಂಗ ಇರ್ತದ, ನಂದು ಹಿಂಗ. ನಾ ಎಡಚ." ಅಪ್ಪ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಸುತ್ತಿಗೆ ಹೊಡೆದು ತೋರಿಸಿದ. ಒಬ್ಬೊಬ್ಬರಾಗಿ ಚಿತ್ರಕಾರರೆಲ್ಲ ಬಂದು ಅಂಚುಗಳನ್ನು ನೋಡಿದರು. ಒಂಬತ್ತರದೂ ಒಂದೇ ವಾಲು.

ಅವನು ಜೋರಾಗಿ ನಕ್ಕ. ಕಳ್ಳ ಬುದ್ಧಿವಂತನೇ. "ಸರಿ, ಕಲ್ಲು ಇವರದ್ದು. ಕಲ್ಲು ಕೊಟ್ಟವರು ಚಿತ್ರ ಬರೆದ ಹಾಗೆ ಆಯಿತಾ?"

ಈ ಪ್ರಶ್ನೆಗೆ ನಾನು ಚಿತ್ತಾಪುರದ ರೈಲಿನಲ್ಲಿ ಸಿದ್ಧವಾಗಿದ್ದೆ. "ಬಣ್ಣ ಯಾವುದು ಸರ್?" ಎಂದು ಕೇಳಿದೆ.

"ಅಕ್ರಿಲಿಕ್. ನಾನು ಯಾವಾಗಲೂ ಬಳಸುವುದು ಅದನ್ನೇ, ಎಲ್ಲರಿಗೂ ಗೊತ್ತು."

ಚಿತ್ರಕಾರರೊಬ್ಬರ ನೀರಿನ ಲೋಟಕ್ಕೆ ಬೆರಳು ಅದ್ದಿ, ವಾರ್ನಿಷ್ ಚಕ್ಕೆ ಎದ್ದು ಬಣ್ಣ ತೆರೆದುಕೊಂಡ ಜಾಗದಲ್ಲಿ ಉಜ್ಜಿದೆ. ಬೂದು ಬಣ್ಣ ಕರಗಿ ಬೆರಳಿಗೆ ಬಂತು. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ ಎಂದು ಅಲ್ಲಿದ್ದವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬೆರಳನ್ನು ಅವನ ಮುಂದೆ ಹಿಡಿದೆ. "ಇದು ನಮ್ಮ ಪಾಲಿಶ್ ಫ್ಯಾಕ್ಟರಿ ರಾಡಿ, ಜಾಲಿ ಅಂಟು. ಎಷ್ಟು ದಿನ ಅಂಟು ನೆನಿಹಾಕ್ಬೇಕು, ಹೇಳ್ರಿ ಸರ್. ಯಾವ ಬಟ್ಟಿಯಾಗ ಸೋಸಬೇಕು, ಹೇಳ್ರಿ."

ಅವನ ಬಿಳಿ ಗಡ್ಡದ ಒಳಗೆ ಮುಖ ಸಣ್ಣದಾಯಿತು. ಅದನ್ನು ನೋಡಿದ ನನ್ನ ಖುಷಿಯನ್ನು ಮುಚ್ಚಿಡುವುದಿಲ್ಲ. ಆಮಂತ್ರಣ ನೋಡಿದ ದಿನದಿಂದ ಮೊದಲ ಸಲ ಹೊಟ್ಟೆ ತುಂಬಿದ ಹಾಗಾಯಿತು. ಮನೆಯೊಡತಿ ಗೋಡೆಯ ಮೇಲಿದ್ದ ಅವನ ಹೆಸರಿನ ಫಲಕ ಕಿತ್ತು ಮೇಜಿನ ಮೇಲೆ ಬೋರಲು ಹಾಕಿದರು.

"ಇದನ್ನು ಉಳಿಸಲು ಆಗುತ್ತದಾ ಮಗಾ?"

"ಆಗ್ತದ್ರಿ. ವಾರ್ನಿಷ್ ತೆಗೆದು ಒಂದು ತಿಂಗಳು ನಮ್ಮೂರ ಬಿಸಿಲಿಗೆ ನಿಂದ್ರಿಸಿದ್ರ ಕಲ್ಲು ಒಣಗ್ತದ. ಹೋದ ಜಾಗಕ್ಕ ಮತ್ತ ಹಚ್ಚಬಹುದು."

"ಹಾಗಾದರೆ ತೆಗೆದುಕೊಂಡು ಹೋಗು. ನಿನ್ನದು. ಒಣಗಿದ ಮೇಲೆ ನಿನ್ನ ಹೆಸರಿನಲ್ಲಿ ಇಲ್ಲಿಗೇ ತಾ. ಈ ಗೋಡೆ ಖಾಲಿ ಇಟ್ಟಿರುತ್ತೇನೆ."

ಅಲ್ಲಿಗೆ ಮುಗಿಯಬೇಕಿತ್ತು. ಬೇಕಾದದ್ದೆಲ್ಲ ಸಿಕ್ಕಿತ್ತು. ಚಿತ್ರಕಾರರಲ್ಲೊಬ್ಬರು ಕಲ್ಲು ಇಳಿಸಲು ಕೈಹಾಕಿದ್ದರು. ಅಪ್ಪ ಕೌದಿ ಮಡಚುತ್ತಿದ್ದ. ಆಗ ಅವನು ನನ್ನ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವಂತೆ ಮೆಲ್ಲಗೆ ಹೇಳಿದ: "ಕೊಂಡುಹೋಗು. ಆದರೆ ಒಂದು ತಿಳಕೊ. ನೀನು ಅದನ್ನು ಖಣಿ ಅಂದಿ. ಸಮುದ್ರ ಅಂತ ಕರೆದವನು ನಾನು. ನೋಡಿದವರಿಗೆಲ್ಲ ಅದು ಯಾವತ್ತೂ ನನ್ನ ಸಮುದ್ರವೇ."

ತಲೆಯೊಳಗೆ ಏನಾಯಿತೋ ಗೊತ್ತಿಲ್ಲ. ಬ್ಯಾಗಿನಿಂದ ಪಟ್ಟಿ ತೆಗೆದೆ. ಮೊದಲು ನಾಲ್ಕನೇ ಕಲ್ಲು. ಅವನ ಸಹಿಯ ಕೆಳಗೆ ಪಟ್ಟಿ ತೂರಿಸಿ ಎತ್ತಿದೆ, ಹೆಸರು ವಾರ್ನಿಷ್ ಸಮೇತ ಸಿಪ್ಪೆಯಾಗಿ ಎದ್ದು ಬಂತು. ಕೈ ಅಲ್ಲಿಗೆ ನಿಲ್ಲಲಿಲ್ಲ. ಬೆಳಗಿನ ಹಸಿರು ಹೋಯಿತು. ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದ ಬಿಳಿ ಹೋಯಿತು. ಮನೆಯೊಡತಿ "ಬೇಡ, ಬೇಡ" ಎಂದು ಕೂಗಿದ್ದು ಕೇಳಿಸಿತು. "ನಿಮ್ಮ ಸಮುದ್ರ ಅಲ್ಲ್ರೀ? ತಗೋರಿ ನಿಮ್ಮ ಸಮುದ್ರ" ಎನ್ನುತ್ತ ಒಂದಾದ ಮೇಲೊಂದು ಕೆರೆದೆ. ಒದ್ದೆ ಬಟ್ಟೆಯಲ್ಲಿ ಉಳಿದದ್ದನ್ನೂ ಒರೆಸಿದೆ. ಒಂಬತ್ತೂ ಮುಗಿಯಲು ಅರ್ಧ ಗಂಟೆಯೂ ಆಗಲಿಲ್ಲ. ಅವನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು ಎಂದು ಒಬ್ಬರು ಆಮೇಲೆ ಹೇಳಿದರು. ಇದ್ದರೆ ಇರಲಿ, ನನಗೆ ಅದು ಸಿಹಿಯಾಗಿಯೇ ಇದೆ.

ಬರಿಗಲ್ಲುಗಳನ್ನು ಅಲ್ಲೇ ಬಿಟ್ಟು ಹೊರಟಿದ್ದೆ. ಅಪ್ಪ ಬಿಡಲಿಲ್ಲ. ಒಂದೊಂದನ್ನೂ ಕೌದಿಗಳಲ್ಲಿ ಸುತ್ತಿ, ಎರಡು ಗಂಟು ಕಟ್ಟಿ ಹೊತ್ತುಕೊಂಡ. ಆಟೋಕ್ಕೆ ಏರಿಸಿದ, ಬಸ್ಸಿಗೆ ಏರಿಸಿದ, ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟು ಕಾಲು ಅಡ್ಡ ಹಾಕಿ ಕೂತ. ದಾರಿಯುದ್ದಕ್ಕೂ ನಾನು ಆ ಕಳ್ಳನ ಮುಖ ಸಣ್ಣದಾದದ್ದನ್ನು ಮತ್ತೆ ಮತ್ತೆ ಹೇಳಿ ನಗುತ್ತಿದ್ದೆ. ಅಪ್ಪ ಬಗ್ಗಿ ಬಗ್ಗಿ ಗಂಟುಗಳನ್ನು ಸರಿಪಡಿಸುತ್ತಿದ್ದ. ಮರುದಿನ ಮಧ್ಯಾಹ್ನ ವಾಡಿಯಲ್ಲಿ ಇಳಿದೆವು. ಶಹಾಬಾದಿನ ಗಾಡಿಗೆ ಇನ್ನೂ ಹೊತ್ತಿತ್ತು. ಮಳೆಯಿಲ್ಲ, ಅದೇ ಬೂದಿ, ಅದೇ ಬಿಳಿ ಬಿಸಿಲು. ಚಹಾ ತಂದು ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಅವನ ಹೆಸರು ಕೆರೀಬೇಕಿತ್ತು, ಕೆರದಿ. ಸಮುದ್ರ ಯಾಕ ಕೆರದಿ?"

ನನ್ನ ಹತ್ತಿರ ಜಗಳದ ಮಾತುಗಳು ಬೇಕಾದಷ್ಟಿದ್ದವು. ಎಲ್ಲವೂ ಅವನಿಗೆ ಹೊಂದಿಸಿದವು, ಅಪ್ಪನಿಗೆ ಹೇಳುವಂಥದ್ದು ಒಂದೂ ಇರಲಿಲ್ಲ. "ಸಿಟ್ಟು ಬಂತು ಅಪ್ಪಾ" ಅಂದೆ.

"ಎರಡು ವರ್ಷ ನನ್ನ ಎದುರಿಗೆ ಕುಂತು ಬರದಿದ್ದಿ. ನಾ ದಿನಾ ನೋಡ್ತಿದ್ದೆ. ನಾ ನಲವತ್ತು ವರ್ಷ ನಿಂತ ಜಾಗ ಅದು. ನೀರಾಗ ಹೋಗಿತ್ತು, ನೀ ಮ್ಯಾಲ ತೆಗೆದಿದ್ದಿ." ಇಷ್ಟು ಹೇಳಿ ಲೋಟ ಎತ್ತಿಕೊಂಡು ಉಳಿದ ಚಹಾ ಕುಡಿದ.

ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಇನ್ನೊಮ್ಮೆ ಸಿಕ್ಕರೆ ಮತ್ತೆ ಬೆರಳು ಒದ್ದೆ ಮಾಡಿ ಅವನ ಮುಂದೆ ಹಿಡಿಯುತ್ತೇನೆ. ಆದರೆ ನಾನು ಕೆರೆದದ್ದು ಯಾರದ್ದನ್ನು ಎಂದು ಕೇಳಿದರೆ ಅವನದು ಎನ್ನಲು ಬಾಯಿ ಬರುವುದಿಲ್ಲ. ಮನೆಯೊಡತಿ ಎರಡು ಸಲ ಫೋನು ಮಾಡಿದರು, ಗೋಡೆ ಖಾಲಿ ಇದೆಯಂತೆ. ಬರೆಯಲು ಕೂರುತ್ತೇನೆ. ರಾಡಿ ಅದೇ, ಅಂಟು ಅದೇ, ಖಣಿಗೆ ಹೋಗಿ ನೀರಿನ ಮುಂದೆ ನಿಂತರೆ ಹಸಿರೂ ಅದೇ. ಕೈಗೆ ಮಾತ್ರ ಬರುತ್ತಿಲ್ಲ. ಬರೆದ ಪ್ರತಿಯೊಂದರಲ್ಲೂ ಅವನ ಮೇಲಿನ ಹಟವೇ ಕಾಣುತ್ತದೆ.

ಒಂಬತ್ತು ಕಲ್ಲನ್ನೂ ಅಪ್ಪ ಅಂಗಳದ ಗೋಡೆಗೆ ಒರಗಿಸಿದ್ದಾನೆ. ಬಚ್ಚಲಿಗೆ ಹಾಸೋಣ ಎಂದು ಅವ್ವ ಅಂದದ್ದಕ್ಕೆ, ಅಪರೂಪಕ್ಕೆ, ರೇಗಿದ. ಬಿಸಿಲಿಗೆ ಅವೀಗ ಚೆನ್ನಾಗಿ ಒಣಗಿವೆ. ಹೋದ ವಾರ ನಾನು ಅವುಗಳ ಮುಂದೆ ಕೂತು ಯಾವುದರ ಮೇಲೆ ಏನಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಎಲ್ಲವೂ ಒಂದೇ ಬೂದು, ಒಂದೇ ಅಲೆ. ಗೊತ್ತಾಗಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಂದನ್ನು ತಟ್ಟಿದ, ಕಿವಿಗೊಟ್ಟ, ಬಿಟ್ಟ. ಇನ್ನೊಂದನ್ನು ತಟ್ಟಿದ. ಆಮೇಲೆ ಮತ್ತೊಂದನ್ನು ತಟ್ಟಿ ನನ್ನ ಕಡೆಗೆ ಸರಿಸಿದ.

"ಮುಂಜಾನಿ ಹಸಿರು ನೀರು ಇದರಾಗಿತ್ತು" ಅಂದ.